ಅಮ್ಮನನ್ನು ಕರೆದುಕೊಂಡು ಬನ್ನಿ

ದೋನ್ಯಾ ಉಬಾಲ್ದಿನಾಳ ಟೋಪಿಯನ್ನು ತಿಂದದ್ದು ಎವಾರಿಸ್ತೊನ ಹಸು. ಪೂರ್ತಿಯಾಗಿ ತಿಂದಿರಲಿಲ್ಲ. ಸುತ್ತಲಿನ ಅಂಚು, ಅಂಚಿಗೆ ಸಿಕ್ಕಿಸಿದ್ದ ಗರಿ, ಹಸಿರು ಪಟ್ಟಿ ಇಷ್ಟನ್ನು ನಿಧಾನವಾಗಿ ಅಗಿದು ನುಂಗಿ, ತಲೆ ಕೂರುವ ಭಾಗವನ್ನು ಮಾತ್ರ ರುಚಿಸಲಿಲ್ಲವೆಂಬಂತೆ ಬೇಲಿಯ ಬುಡದಲ್ಲಿ ಬಿಟ್ಟಿತ್ತು. ಗುಡ್ಡದ ಮೇಲಿನ ಪುಟ್ಟ ಇಗರ್ಜಿಗೆ ಹೂವು ಕೊಡಲು ಬಂದಿದ್ದ ಉಬಾಲ್ದಿನಾ, ಏರು ಹತ್ತಿದ ಬೆವರು ಆರಲಿ ಎಂದು ಟೋಪಿಯನ್ನು ಬೇಲಿಗೂಟಕ್ಕೆ ತೊಡಿಸಿ, ಎವಾರಿಸ್ತೊನ ತಾಯಿ ಕೊಟ್ಟ ಬಿಸಿ ಬೆಲ್ಲದ ನೀರು ಕುಡಿಯುತ್ತಿದ್ದಳು. ಒಂದು ಲೋಟ ಮುಗಿಯುವಷ್ಟರಲ್ಲಿ ಟೋಪಿಯೂ ಮುಗಿದಿತ್ತು.

ಬೇರೆಯವಳಾಗಿದ್ದರೆ ಹಸುವಿನ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಉಬಾಲ್ದಿನಾ ಹಸುವಿನ ಬಾಯಿಂದ ಜೋತಾಡುತ್ತಿದ್ದ ಹಸಿರು ಪಟ್ಟಿಯನ್ನು ನೋಡಿದಳು. ಹಾಲಿನ ಕ್ಯಾನಿನ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಐವತ್ತೈದು ವರ್ಷ ಹಸು, ಆಲೂಗಡ್ಡೆ ಮತ್ತು ತಾಯಿ ಈ ಮೂರರ ನಡುವೆಯೇ ಕಳೆದಿದ್ದ ಎವಾರಿಸ್ತೊಗೆ ಆ ನಗು ಕೇಳಿ, ಹೇಸರಗತ್ತೆಯ ಬೆನ್ನಿನಿಂದ ಮೂಟೆ ಜಾರಿದ ಹಾಗೆ ಒಳಗೆಲ್ಲೋ ಏನೋ ಜಾರಿತು.

"ಹೊಸಾದು ತಂದ್ಕೊಡ್ತೀನಿ ದೋನ್ಯಾ ಉಬಾಲ್ದಿನಾ."

"ಎಲ್ಲಿಂದ ತರ್ತೀರಿ? ಆ ಥರದ್ದು ಹೊಲಿಯೋನು ಸತ್ತು ಎಂಟು ವರ್ಷ ಆಯ್ತು. ಬಿಡಿ, ಹಸು ಚೆನ್ನಾಗಿ ಹಾಲು ಕೊಡ್ಲಿ."

ಎವಾರಿಸ್ತೊ ಬಿಡಲಿಲ್ಲ. ಕೊಟ್ಟಿಗೆಯ ಹಿಂದೆ, ತಾಯಿಯ ಕಣ್ಣು ತಪ್ಪಿಸಿ, ಸೀಳುಬಿಟ್ಟ ಫೋನಿನಲ್ಲಿ ಆನ್‌ಲೈನ್ ಅಂಗಡಿಯನ್ನು ಮೂರು ದಿನ ತಡಕಾಡಿ, ಅದೇ ಬಣ್ಣದ, ಅದೇ ಪಟ್ಟಿಯ ಉಣ್ಣೆ ಟೋಪಿಯನ್ನು ಹುಡುಕಿ ತರಿಸಿದ. ಟೋಪಿಯನ್ನು ಅವಳ ಕೈಗಿಡುವಾಗಲೇ ಇನ್ನೊಂದು ಮಾತನ್ನೂ ಕೇಳಿಬಿಡಬೇಕೆಂದು ನಿಶ್ಚಯಿಸಿದ. ಕೇಳಲು ಅವಸರವೂ ಇತ್ತು. ಹಾಲಿನ ಟ್ರಕ್ಕಿನ ದೋನ್ ಬೆಲಾರ್ಮಿನೊ, ಹೆಂಡತಿ ಸತ್ತವನು, ಚಿನ್ನದ ಹಲ್ಲಿನವನು, ಆಗಲೇ ಅವಳನ್ನು ಮದುವೆಗೆ ಕೇಳಿಯಾಗಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಉತ್ತರ ಹೇಳುತ್ತೇನೆಂದು ಅವಳು ಅಂದದ್ದು ಸುತ್ತಲಿನ ನಾಲ್ಕು ಹಳ್ಳಿಗೂ ಗೊತ್ತಿತ್ತು.

ಫೋನಿಗೆ ಸುದ್ದಿ ಬಂದದ್ದು ಶನಿವಾರ ಬೆಳಿಗ್ಗೆ. "ನಿಮ್ಮ ಪೊಟ್ಟಣ ಹತ್ತು ದಿನದಿಂದ ಕಾಯುತ್ತಿದೆ. ಇಂದು ಸಂಜೆ ನಾಲ್ಕರೊಳಗೆ ಪಡೆಯದಿದ್ದರೆ ವಾಪಸು ಹೋಗುತ್ತದೆ." ಹತ್ತು ದಿನದಿಂದ ಗುಡ್ಡದ ಮೇಲೆ ಸಿಗ್ನಲ್ ಇರಲಿಲ್ಲ.

ಎವಾರಿಸ್ತೊ ಹಾಲು ಕರೆದವನೇ ಮುಖ ತೊಳೆದು, ಒಗೆದ ರುವಾನಾ ಕಂಬಳಿ ಹೊದ್ದು, ಬೂಟಿನ ಕೆಸರನ್ನು ಕಡ್ಡಿಯಿಂದ ಕೆರೆದು ಹೊರಟ.

"ಎಲ್ಲಿಗೆ?" ತಾಯಿ ದೋನ್ಯಾ ಓತಿಲಿಯಾ ಒಲೆಯ ಮುಂದಿನಿಂದ ಏಳದೆ ಕೇಳಿದಳು. ಎಪ್ಪತ್ತೆಂಟರ ಮುದುಕಿ, ಬೆನ್ನು ಬಾಗಿದ್ದರೂ ಕಿವಿ ಬಾಗಿರಲಿಲ್ಲ.

"ಉಪ್ಪು ತರೋಕೆ."

"ಉಪ್ಪು ತರೋಕೆ ಮೀಸೆ ಯಾಕೆ ಬಾಚ್ಕೊಂಡೆ?"

ಅವನು ಇಳಿಜಾರಿನಲ್ಲಿ ಬೇಗಬೇಗ ಇಳಿದ.

ಕಷ್ಟವಿದ್ದದ್ದು ಮುಂದೆ. ಆನ್‌ಲೈನ್ ಅಂಗಡಿಯ ಪೊಟ್ಟಣಗಳು ಆ ಊರಿನಲ್ಲಿ ಬಂದಿಳಿಯುವುದು ಒಂದೇ ಕಡೆ: ಚೌಕದ ಮೂಲೆಯ ನೋಟ್‌ಬುಕ್ಕು-ಪೆನ್ಸಿಲ್ಲಿನ ಅಂಗಡಿಯಲ್ಲಿ. ಅಂಗಡಿ ಉಬಾಲ್ದಿನಾಳದ್ದು. ಅವಳ ಟೋಪಿಯನ್ನು ಅವಳ ಕೈಯಿಂದಲೇ ಇಸಿದುಕೊಂಡು, ಹೊರಗೆ ಬಂದು, ಒಂದು ಉಸಿರು ತೆಗೆದುಕೊಂಡು, ಮತ್ತೆ ಒಳಗೆ ಹೋಗಿ ಅವಳಿಗೇ ಕೊಡಬೇಕು. ದಾರಿಯುದ್ದಕ್ಕೂ ಎವಾರಿಸ್ತೊ ಇದನ್ನೇ ಅಭ್ಯಾಸ ಮಾಡಿಕೊಂಡು ಬಂದ.

ಸಂತೆಯ ದಿನ. ಅಂಗಡಿಯಲ್ಲಿ ಆರೇಳು ಜನ ಸಾಲು ನಿಂತಿದ್ದರು. ಅವನ ಹಿಂದೆಯೇ ಬಂದು ನಿಂತವಳು ದೋನ್ಯಾ ಪುರಾ. ಆ ದಿನ ಅವಳ ಹೆಸರಿಗೆ ಬಂದ ಪೊಟ್ಟಣ ಯಾವುದೂ ಇರಲಿಲ್ಲ. ಇತರರಿಗೆ ಏನು ಬಂದಿದೆಯೆಂದು ನೋಡಲು ಪ್ರತಿ ಶನಿವಾರ ಸಾಲಿನಲ್ಲಿ ನಿಲ್ಲುತ್ತಿದ್ದಳು.

ಎವಾರಿಸ್ತೊನ ಸರದಿ ಬಂತು. ಉಬಾಲ್ದಿನಾ ಕನ್ನಡಕ ಏರಿಸಿ ಅವನ ಗುರುತಿನ ಚೀಟಿ, ಅಂದರೆ ಸೆದುಲಾದ ಸಂಖ್ಯೆ ಒತ್ತಿದಳು. ಹಿಂದಿನ ಕಪಾಟಿನಿಂದ ಚೌಕನೆಯ ಹಗುರ ಪೆಟ್ಟಿಗೆಯೊಂದನ್ನು ತಂದು ಕೌಂಟರಿನ ಮೇಲಿಟ್ಟಳು. ಇವನು ಕೈ ಚಾಚಿದ. ಅವಳು ಪೆಟ್ಟಿಗೆಯನ್ನು ಹಿಂದಕ್ಕೆಳೆದುಕೊಂಡಳು.

"ಒಂದ್ನಿಮಿಷ. ಕೆಂಪು ಬಂತು."

"ಏನು ಕೆಂಪು?"

ಉಬಾಲ್ದಿನಾ ಪರದೆಯನ್ನು ಓದಿದಳು. ಅವಳದು ಹಿಂದೆ ಶಾಲೆಯಲ್ಲಿ ಮಕ್ಕಳಿಗೆ ಉಕ್ತಲೇಖನ ಹೇಳಿ ಪಳಗಿದ ಗಂಟಲು. ಮೆಲ್ಲಗೆ ಓದಿದರೂ ಚೌಕದ ಆಚೆಗೆ ಕೇಳುತ್ತಿತ್ತು. "ಗ್ರಾಹಕರು ಅಪ್ರಾಪ್ತ ವಯಸ್ಕರು. ವಯಸ್ಸು ಹದಿನಾಲ್ಕು. ಹದಿನೆಂಟು ತುಂಬದವರು ತಂದೆ ಅಥವಾ ತಾಯಿಯ ಒಪ್ಪಿಗೆ ಇಲ್ಲದೆ ಕೊಳ್ಳುವಂತಿಲ್ಲ. ದಯವಿಟ್ಟು ಅಮ್ಮನನ್ನು ಕರೆದುಕೊಂಡು ಬನ್ನಿ."

ಆಲೂಗಡ್ಡೆ ಗಾಡಿ ಮಗುಚಿದ ಹಾಗೆ ಅಂಗಡಿಯಲ್ಲಿ ನಗು ಉರುಳಿತು.

"ಹದಿನಾಲ್ಕಾ!" ದೋನ್ಯಾ ಪುರಾ ಅವನ ಮುಂದೆ ಬಂದು ಮುಖವನ್ನು ದಿಟ್ಟಿಸಿದಳು. "ಸುಮೆರ್ಸೆ," ಎಂದಳು, ಊರವರು "ತಾವು" ಎನ್ನುವುದು ಹಾಗೆಯೇ, "ವಯಸ್ಸಿಗೆ ಸ್ವಲ್ಪ ಜಾಸ್ತಿನೇ ಬೆಳ್ದಿದೀರಿ."

ಎಲ್ಲಿ ತಪ್ಪಿತೆಂದು ಎವಾರಿಸ್ತೊಗೆ ತಕ್ಷಣ ಹೊಳೆಯಿತು. ಆ ಸೀಮೆಯಲ್ಲಿ ಯಾವ ಕಿಟಕಿಗೆ ಹೋದರೂ ಕೇಳುವುದು ಒಂದೇ: ಸೆದುಲಾ ಕೊಟ್ಟ ದಿನಾಂಕ ಯಾವುದು? ಆಸ್ಪತ್ರೆಯಲ್ಲಿ, ಹಾಲಿನ ಸಂಘದಲ್ಲಿ, ಬೀಜದ ಅಂಗಡಿಯಲ್ಲಿ, ಹೆಸರು ಕೇಳುವುದಕ್ಕಿಂತ ಮೊದಲು ಅದನ್ನು ಕೇಳುತ್ತಾರೆ. ಹುಟ್ಟಿದ ದಿನ ಮರೆತರೂ ಅದನ್ನು ಮರೆಯುವಂತಿಲ್ಲ. ಆನ್‌ಲೈನ್ ಅಂಗಡಿ "ದಿನಾಂಕ" ಎಂದು ಕೇಳಿದಾಗ ಅದರ ಹಿಂದಿನ "ಹುಟ್ಟಿದ" ಎಂಬ ಪದ ಪರದೆಯ ಸೀಳಿನಲ್ಲಿ ಸಿಕ್ಕಿಬಿದ್ದಿತ್ತು. ಬೆರಳು ತಾನಾಗಿಯೇ ಸೆದುಲಾದ ದಿನಾಂಕವನ್ನು ಒತ್ತಿತ್ತು.

ಉಳಿದವರಿಗಾದರೆ ಇದರಿಂದ ಇಷ್ಟು ಅನರ್ಥವಾಗುತ್ತಿರಲಿಲ್ಲ. ಎಲ್ಲರೂ ಹದಿನೆಂಟಕ್ಕೇ ಸೆದುಲಾ ಮಾಡಿಸುತ್ತಾರೆ. ಎವಾರಿಸ್ತೊನ ತಾಯಿ ಮಾತ್ರ, ಸೆದುಲಾ ಇರುವ ಹುಡುಗರನ್ನು ಸೈನ್ಯದವರು ಹಿಡಿದೊಯ್ಯುತ್ತಾರೆಂದು ಹೆದರಿ, "ಇನ್ನೂ ಎಳೆಯ, ಮುಂದಿನ ವರ್ಷ ನೋಡೋಣ" ಎನ್ನುತ್ತ ವರ್ಷಗಳನ್ನು ದೂಡಿದ್ದಳು. ಕೊನೆಗೆ ಅವನು ಸೆದುಲಾ ಪಡೆದದ್ದು ನಲವತ್ತೊಂದನೆಯ ವಯಸ್ಸಿಗೆ, ಹಾಲಿನ ಸಂಘದವರು ಅದಿಲ್ಲದೆ ಹಾಲು ಅಳೆಯುವುದಿಲ್ಲ ಎಂದಾಗ. ಅದಾಗಿ ಹದಿನಾಲ್ಕು ವರ್ಷ.

"ದೋನ್ಯಾ ಉಬಾಲ್ದಿನಾ, ಇಲ್ಲೇ ಬರ್ದಿದೆ ನೋಡಿ, ಹುಟ್ಟಿದ್ದು ಎಪ್ಪತ್ತನೇ ಇಸವಿ," ಎಂದು ಎವಾರಿಸ್ತೊ ಚೀಟಿಯನ್ನು ಮುಂದೆ ಹಿಡಿದ. "ಚೀಟಿ ಬ್ಯಾಡ ಅಂದ್ರೆ ನನ್ನ ಹಲ್ಲು ನೋಡಿ. ಹದಿನಾಲ್ಕಕ್ಕೆ ಇಷ್ಟು ಹಲ್ಲು ಉದುರುತ್ತಾ?"

"ನಂಗೆ ಕಾಣುತ್ತೆ ಮಾರಾಯ್ರೆ, ಪರದೆಗೆ ಕಾಣಲ್ವಲ್ಲ. ಪರದೆ ಹಸಿರಾಗೋಕೆ ಮುಂಚೆ ಕೊಟ್ರೆ ಕಂಪನಿಯೋರು ಕೌಂಟರೇ ಕಿತ್ಕೊಂಡು ಹೋಗ್ತಾರೆ. ಹೋದ ವರ್ಷ ಒಂದು ತಿಂಗ್ಳು ಮುಚ್ಚಿಸಿದ್ರು. ಕಂಪನಿಗೆ ಫೋನ್ ಮಾಡಿ."

ಫೋನು ಮಾಡಿದ. ನಲವತ್ತು ನಿಮಿಷ ಹಾಡು ಕೇಳಿಸಿದ ಮೇಲೆ ರಾಜಧಾನಿಯ ಹುಡುಗಿಯೊಬ್ಬಳ ಜೇನು ಸುರಿಯುವ ಧ್ವನಿ ಬಂತು. ಸೀಳುಬಿಟ್ಟ ಫೋನು ಗಟ್ಟಿಯಾಗಿ ಮಾತ್ರ ಕೇಳಿಸುತ್ತಿದ್ದರಿಂದ ಸಾಲಿನವರಿಗೆಲ್ಲ ಎರಡೂ ಕಡೆಯ ಮಾತು ಪುಕ್ಕಟೆ ಸಿಕ್ಕಿತು.

"ಹಲೋ ಎವಾರಿಸ್ತೊ! ಹೇಗಿದೀಯ ಪುಟ್ಟಾ? ಅಮ್ಮ ಹತ್ರದಲ್ಲಿ ಇದಾರಾ?"

"ನಾನು ಪುಟ್ಟ ಅಲ್ಲ ತಾಯಿ, ನಂಗೆ ಐವತ್ತೈದು."

"ಹೌದಾ? ನಮ್ಮಲ್ಲಿ ಹದಿನಾಲ್ಕು ಅಂತಿದೆ."

"ಅದು ತಪ್ಪು. ತಿದ್ದಿ. ನನ್ನ ಧ್ವನಿ ಕೇಳಿದ್ರೆ ಗೊತ್ತಾಗಲ್ವಾ?"

"ಈ ವಯಸ್ಸಲ್ಲಿ ಧ್ವನಿ ಒಡೆಯುತ್ತೆ ಪುಟ್ಟಾ, ಎಲ್ಲಾ ಹುಡುಗ್ರಿಗೂ ಹಾಗೇ. ಏನೂ ಗಾಬರಿ ಆಗ್ಬೇಡ."

ಸಾಲಿನಲ್ಲಿದ್ದವನೊಬ್ಬ ನಗು ತಡೆಯಲಾರದೆ ಹೊರಗೆ ಹೋಗಿ ಗೋಡೆ ಹಿಡಿದುಕೊಂಡ. ಎವಾರಿಸ್ತೊ ಹಲ್ಲು ಕಚ್ಚಿದ. "ನೋಡೀಮ್ಮ, ನನ್ನ ಹತ್ರ ಸೆದುಲಾ ಇದೆ. ನಂಬರ್ ಹೇಳ್ಲಾ?"

"ಹದಿನೆಂಟು ತುಂಬ್ದೇ ಇರೋರಿಗೆ ಸೆದುಲಾ ಕೊಡಲ್ವಲ್ಲ ಪುಟ್ಟಾ. ಅದು ಅಪ್ಪನ ಸೆದುಲಾ ಇರ್ಬೇಕು. ದೊಡ್ಡೋರ ಚೀಟಿ ಜೇಬಿಂದ ತೆಗೀಬಾರ್ದು."

"ನಮ್ಮಪ್ಪ ಸತ್ತು ಮೂವತ್ತು ವರ್ಷ ಆಯ್ತು!"

"ಅಯ್ಯೋ ಪಾಪ," ಎಂದಳು ಹುಡುಗಿ ನಿಜವಾಗಿಯೂ ಮರುಗಿ. ಆಮೇಲೆ ಲೆಕ್ಕ ಹಾಕಿರಬೇಕು. ಧ್ವನಿ ಗಂಭೀರ ಮಾಡಿಕೊಂಡು, "ಸುಳ್ಳು ಹೇಳಬಾರ್ದು ಎವಾರಿಸ್ತೊ," ಎಂದಳು.

"ಸರಿ, ಹುಟ್ಟಿದ ದಿನ ತಪ್ಪಾಗಿ ಬರೆದೆ. ಈಗ ಸರಿಯಾದ್ದು ಹೇಳ್ತೀನಿ, ಬರ್ಕೊಳ್ಳಿ."

"ಹುಟ್ಟಿದ ದಿನ ತಿದ್ದೋಕೆ ದೊಡ್ಡೋರೇ ಕೇಳ್ಬೇಕು."

"ನಾನೇ ದೊಡ್ಡೋನು!"

"ತಿದ್ದಿದ ಮೇಲೆ ದೊಡ್ಡೋನು. ಈಗ ಅಲ್ಲ. ಅಮ್ಮನ್ನ ಕರ್ಕೊಂಡು ಹೋಗು, ಪುಟ್ಟಾ. ಶುಭ ದಿನ."

ಎವಾರಿಸ್ತೊ ಸತ್ತ ಫೋನನ್ನು ಕೈಯಲ್ಲಿ ಹಿಡಿದು ನಿಂತ. ಹಣ ತೆಗೆದುಕೊಳ್ಳುವಾಗ ಈ ಅಂಗಡಿಯವರಿಗೆ ಯಾರ ವಯಸ್ಸೂ ಬೇಕಿರಲಿಲ್ಲ; ಟೋಪಿ ಕೊಡುವಾಗ ಮಾತ್ರ ಶಾಲೆಯ ಹೆಡ್‌ಮಾಸ್ತರರಾಗಿದ್ದರು.

ಅಷ್ಟರಲ್ಲಿ ದೋನ್ಯಾ ಪುರಾ ಬೇರೆಯೇ ದಾರಿಯಲ್ಲಿ ಯೋಚಿಸತೊಡಗಿದ್ದಳು. "ಅಲ್ಲ, ವಯಸ್ಸು ಕೇಳೋದು ಯಾವ ಸಾಮಾನಿಗೆ?" ಎಂದು ಸಾಲಿಗೆಲ್ಲ ಕೇಳಿದಳು. "ನಾನು ಸಾಬೂನು ತರಿಸ್ದಾಗ ಕೇಳ್ಲಿಲ್ಲ. ನಮ್ಮ ಸೊಸೆ ಪರದೆ ಬಟ್ಟೆ ತರಿಸ್ದಾಗ ಕೇಳ್ಲಿಲ್ಲ. ಕೇಳೋದು ಎರಡಕ್ಕೇ. ಒಂದು ಹೆಂಡ. ಇನ್ನೊಂದು..." ಇನ್ನೊಂದನ್ನು ಹೇಳದೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

"ಪೆಟ್ಟಿಗೆ ಹಗುರ ಇದೆ, ಹೆಂಡ ಅಲ್ಲ," ಎಂದ ಒಬ್ಬ.

"ಹಾಗಾದ್ರೆ ಇನ್ನೊಂದೇ," ಎಂದಳು ಪುರಾ.

ಉಬಾಲ್ದಿನಾ ಕನ್ನಡಕದ ಮೇಲಿಂದ ಎವಾರಿಸ್ತೊನನ್ನು ನೋಡಿದಳು. ಆ ನೋಟಕ್ಕೆ ಅವನ ಕಿವಿ ಕುಲುಮೆಯ ಕಬ್ಬಿಣದಂತಾಯಿತು. "ಇದು ಟೋಪಿ, ನಿಮಗೇ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಿಂದಿನ ಏಳು ಜೊತೆ ಕಣ್ಣುಗಳನ್ನು ನೆನೆದು ವಾಪಸು ಹೋಯಿತು. ಬಾಯಿ ಬಿಟ್ಟು ಮುಚ್ಚಿದ್ದನ್ನು ಎಲ್ಲರೂ ತಪ್ಪೊಪ್ಪಿಗೆಯೆಂದೇ ತಿಳಿದರು.

ಅಮ್ಮನನ್ನು ಕರೆಯುವ ಪ್ರಶ್ನೆಯೇ ಇರಲಿಲ್ಲ. ಅವನು ಇಪ್ಪತ್ತೈದನೆಯ ವಯಸ್ಸಿನಲ್ಲಿ ಮದುವೆಯ ಮಾತೆತ್ತಿದಾಗ "ಇನ್ನೂ ಮೂಗು ಒರೆಸ್ಕೊಳ್ಳೋಕೆ ಬರಲ್ಲ" ಅಂದವಳು ಆಕೆ. ನಲವತ್ತಕ್ಕೂ ಅದನ್ನೇ ಅಂದಿದ್ದಳು, ಆಗ ಅವನಿಗೆ ನೆಗಡಿಯೂ ಇದ್ದದ್ದು ಅವಳ ವಾದಕ್ಕೆ ಬಲ ಕೊಟ್ಟಿತ್ತು. ಎವಾರಿಸ್ತೊ ಚೌಕದ ಕಲ್ಲುಬೆಂಚಿನ ಮೇಲೆ ಕೂತು, ಒಂದು ಬನ್ನು ಕೊಂಡು, ತಿನ್ನದೆ, ಗಡಿಯಾರ ನೋಡುತ್ತ ಮಧ್ಯಾಹ್ನ ಕಳೆದ. ಅವನು ಕರೆಯದಿದ್ದರೇನು, ಗುಡ್ಡಕ್ಕೆ ಸುದ್ದಿ ಕಳಿಸಲು ಪುರಾ ಇದ್ದಳು. ಮೂರೂವರೆಗೆ ಹಾಲಿನ ಟ್ರಕ್ಕು ಬುಸುಗುಡುತ್ತ ಬಂದು ಅಂಗಡಿಯ ಮುಂದೆಯೇ ನಿಂತಿತು. ಬೆಲಾರ್ಮಿನೊ ಚಿನ್ನದ ಹಲ್ಲು ಮಿನುಗಿಸುತ್ತ ಇಳಿದು, ಆಚೆ ಬದಿಯ ಬಾಗಿಲು ತೆಗೆದು, ದೋನ್ಯಾ ಓತಿಲಿಯಾಳನ್ನು ತುಂಬಿದ ಹಾಲಿನ ಕ್ಯಾನಿನಷ್ಟೇ ಜೋಪಾನವಾಗಿ ಕೆಳಗಿಳಿಸಿದ.

"ಉಪ್ಪು ಸಿಕ್ತಾ?" ಎಂದಳು ತಾಯಿ.

ಎಲ್ಲರೂ ಒಳಗೆ ನುಗ್ಗಿದರು. ಉಬಾಲ್ದಿನಾ ಮುದುಕಿಗೆ ಕುರ್ಚಿ ಕೊಟ್ಟು, ಪರದೆ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ವಿವರಿಸಿದಳು. ದೋನ್ಯಾ ಓತಿಲಿಯಾ ಗಲ್ಲದ ಮೇಲೆ ಕೈಯಿಟ್ಟು ಕೇಳಿದಳು. ಅವಳ ಮುಖದ ಮೇಲೆ ನಿಧಾನವಾಗಿ ಒಂದು ತೃಪ್ತಿ ಹರಡಿತು.

"ಹದಿನಾಲ್ಕು ಅಂತ ಬರ್ದಿದಾರಾ? ನಾನು ಬಡ್ಕೊಳ್ತಾನೇ ಇದೀನಿ, ಯಾರೂ ಕೇಳಲ್ಲ. ಪಟ್ಟಣದೋರಿಗೆ ಗೊತ್ತಾಯ್ತು ನೋಡಿ."

"ಅಮ್ಮಾ, ಒಪ್ಪಿಗೆ ಅಂತ ಒಂದು ಮಾತು ಹೇಳಿಬಿಡು."

"ಪೆಟ್ಟಿಗೇಲಿ ಏನಿದೆ?"

ಎವಾರಿಸ್ತೊ ಮೀಸೆ ಸವರಿಕೊಂಡ.

"ಏನಿದೆ ಅಂದೆ."

"ನಂದೇ ಒಂದು ಸಾಮಾನು."

"ತೆಗ್ದು ತೋರ್ಸು. ಆಮೇಲೆ ಒಪ್ಪಿಗೆ."

"ಒಪ್ಪಿಗೆ ಆದ್ಮೇಲೇನೇ ತೆಗೆಯೋದು ದೋನ್ಯಾ ಓತಿಲಿಯಾ," ಎಂದಳು ಉಬಾಲ್ದಿನಾ. "ನಿಯಮ ಹಾಗಿದೆ."

"ನೋಡ್ದೆ ಒಪ್ಪೋಕೆ ನಾನೇನು ಹುಚ್ಚೀನಾ? ಪುರಾ ಹೇಳಿದ್ದು ಕೇಳಿ ದಾರಿಯುದ್ದಕ್ಕೂ ಜಪಮಾಲೆ ಎಣಿಸಿದೀನಿ. ನನ್ನ ಹೊಟ್ಟೇಲಿ ಹುಟ್ಟಿದೋನು ಅಂಥದ್ದೆಲ್ಲ ತರಿಸ್ತಾನೆ ಅಂದ್ರೆ..."

"ಎಂಥದ್ದೂ ಅಲ್ಲ ಅಮ್ಮಾ!"

"ಹಾಗಾದ್ರೆ ಬಾಯಿಬಿಟ್ಟು ಹೇಳು!"

"ಹೇಳಿ ದೋನ್ ಎವಾರಿಸ್ತೊ," ಎಂದ ಬೆಲಾರ್ಮಿನೊ ಬಾಗಿಲಿಗೊರಗಿ, ಟ್ರಕ್ಕಿನ ಬೀಗದಕೈಯನ್ನು ಬೆರಳಲ್ಲಿ ತಿರುಗಿಸುತ್ತ. "ಇಲ್ಲಿರೋರೆಲ್ಲ ದೊಡ್ಡೋರೇ. ಸುಮೆರ್ಸೆ ಒಬ್ರನ್ನ ಬಿಟ್ಟು."

ಮತ್ತೆ ನಗು. ದೋನ್ಯಾ ಓತಿಲಿಯಾ ಕೈಕಟ್ಟಿ ಕೂತುಬಿಟ್ಟಳು. ಮಗನಿಗೆ ನಲವತ್ತೊಂದಾಗುವ ತನಕ ಸೆದುಲಾ ಮಾಡಿಸಲು ಬಿಡದವಳಿಗೆ ಅರ್ಧ ಗಂಟೆ ಕೈಕಟ್ಟಿ ಕೂರುವುದು ಲೆಕ್ಕವೇ ಅಲ್ಲ. ಹೊರಗೆ ಕಂಪನಿಯ ವ್ಯಾನು ಬಂದು ಹಾರನ್ ಬಾರಿಸಿತು. ಚಾಲಕ ತಲೆ ಒಳಗೆ ಹಾಕಿ, "ವಾಪಸು ಹೋಗೋದು ಯಾವ್ದಿದೆ? ಬೇಗ ಕೊಡಿ, ಮಂಜು ಇಳಿಯೋಕೆ ಮುಂಚೆ ಘಟ್ಟ ದಾಟ್ಬೇಕು," ಎಂದ.

"ಇದೊಂದಿದೆ," ಎಂದಳು ಪುರಾ ಪೆಟ್ಟಿಗೆ ತೋರಿಸಿ.

ಎವಾರಿಸ್ತೊ ಎರಡು ಕೈಯಿಂದ ಪೆಟ್ಟಿಗೆಯನ್ನು ಅವುಚಿಕೊಂಡ. ಚಾಲಕ ಆಚೆಯಿಂದ ಹಿಡಿದೆಳೆದ. ತಾಯಿ ಜಪ ಶುರುಮಾಡಿದಳು. ಬೆಲಾರ್ಮಿನೊ "ಬಿಡಪ್ಪಾ ಮರಿ, ಬಿಡು" ಎಂದು ಸಮಾಧಾನ ಹೇಳಿದ. ಉಬಾಲ್ದಿನಾ ಮೇಜಿನ ಮೇಲೆ ಅಡಿಪಟ್ಟಿಯಿಂದ ಪಟ್ಟೆಂದು ಹೊಡೆದಳು.

"ಸಾಕು! ಹತ್ತು ಗಂಟೆಯಿಂದ ನನ್ನ ಅಂಗಡೀಲಿ ಒಂದು ಪೆನ್ಸಿಲ್ಲೂ ಮಾರಾಟ ಆಗಿಲ್ಲ. ಯಾರೋ ಒಬ್ರು ಒಪ್ಪಿಗೆ ಕೊಡ್ಬೇಕು ತಾನೇ? ನಾನು ಕೊಡ್ತೀನಿ."

"ನೀವಾ? ಯಾವ ಲೆಕ್ಕದಲ್ಲಿ?" ಎಂದಳು ಪುರಾ.

ಪರದೆಯಲ್ಲಿ ಎರಡೇ ಗುಂಡಿಗಳಿದ್ದವು: ತಂದೆ, ತಾಯಿ. ಉಬಾಲ್ದಿನಾ ಎರಡನೆಯದನ್ನು ಒತ್ತಿದಳು. ತನ್ನ ಸೆದುಲಾದ ಸಂಖ್ಯೆ, ಕೊಟ್ಟ ದಿನಾಂಕ, ಹುಟ್ಟಿದ ದಿನಾಂಕ, ಫೋನ್ ಸಂಖ್ಯೆ ಎಲ್ಲವನ್ನೂ ಒಂದೇ ಉಸಿರಿಗೆ ಬರೆದಳು. ಅವಳಿಗೆ ಐವತ್ತೊಂದು, ಇವನಿಗೆ ಹದಿನಾಲ್ಕು. ಪರದೆಗೆ ಇದರಲ್ಲಿ ಏನೂ ಅಸಹಜವಾಗಿ ಕಾಣಲಿಲ್ಲ. ಹಸಿರು ಬಂತು.

"ತಗೊಳ್ಳಿ. ಹೋಗಿ," ಎಂದು ಪೆಟ್ಟಿಗೆಯನ್ನು ಅವನ ಎದೆಗೆ ಒತ್ತಿದಳು.

ಎವಾರಿಸ್ತೊ ಬೆಳಗಿನಿಂದ ಅಭ್ಯಾಸ ಮಾಡಿದ್ದು ಹೊರಗೆ ಹೋಗಿ ಉಸಿರು ತೆಗೆದುಕೊಂಡು ಬರುವುದನ್ನು. ಈಗ ಹೊರಗೆ ಹೋಗಲು ದಾರಿಯಿರಲಿಲ್ಲ. ಬಾಗಿಲಲ್ಲಿ ಬೆಲಾರ್ಮಿನೊ, ಅವನ ಹಿಂದೆ ಸಂತೆಯ ಅರ್ಧ ಜನ. ಅವನ ಸಹನೆ ಅಲ್ಲಿಗೆ ಮುಗಿಯಿತು. ನಿಂತಲ್ಲೇ ಪೆಟ್ಟಿಗೆಯ ಅಂಟುಪಟ್ಟಿಯನ್ನು ಹಲ್ಲಿನಿಂದ ಕಿತ್ತು, ಟೋಪಿಯನ್ನು ತೆಗೆದು, ಕೌಂಟರಿನ ಮೇಲೆ ದಡಕ್ಕನೆ ಇಟ್ಟ.

"ಟೋಪಿ! ಬರೀ ಟೋಪಿ! ನಿಮಗೇ ತರಿಸಿದ್ದು, ನಮ್ಮ ಹಸು ತಿಂತಲ್ಲ ಅದರ ಬದಲಿಗೆ. ಇನ್ನೂ ಒಂದು ಮಾತಿದೆ, ಅದನ್ನೂ ಕೇಳಿಬಿಡ್ತೀನಿ, ಯಾರು ಬೇಕಾದ್ರೂ ನಗಲಿ. ನನ್ನ ಮದುವೆ ಆಗ್ತೀರಾ?"

ಬೈಯುವ ಧ್ವನಿಯಲ್ಲಿ ಕೇಳಿದ ಈ ಮಾತಿಗೆ ಯಾರೂ ನಗಲಿಲ್ಲ. ವ್ಯಾನಿನ ಚಾಲಕ ಮಂಜನ್ನು ಮರೆತು ನಿಂತ.

ಉಬಾಲ್ದಿನಾ ಟೋಪಿಯನ್ನು ತಿರುಗಿಸಿ ನೋಡಿದಳು. ಹಸಿರು ಪಟ್ಟಿಯ ಮೇಲೆ ಹೆಬ್ಬೆರಳಾಡಿಸಿದಳು. ತಲೆಗಿಟ್ಟುಕೊಂಡಳು, ಸ್ವಲ್ಪ ದೊಡ್ಡದು, ಕಿವಿಯ ತನಕ ಬಂತು. ಕನ್ನಡಕ ತೆಗೆದು ಒರೆಸಿಕೊಂಡಳು.

"ದೋನ್ ಬೆಲಾರ್ಮಿನೊ," ಎಂದಳು ಬಾಗಿಲ ಕಡೆ ತಿರುಗಿ, "ನಾಳೆ ಹೇಳೋ ಉತ್ತರ ಇವತ್ತೇ ತಗೊಂಡುಬಿಡಿ. ಕ್ಷಮಿಸಿ." ಆಮೇಲೆ ಎವಾರಿಸ್ತೊನ ಕಡೆ ನೋಡಿ, "ಆಗ್ತೀನಿ. ಇಷ್ಟಕ್ಕೆ ಇಷ್ಟು ಗಲಾಟೆ ಯಾಕೆ ಮಾಡಿದ್ರಿ?" ಎಂದಳು.

ಬೆಲಾರ್ಮಿನೊನ ಚಿನ್ನದ ಹಲ್ಲು ತುಟಿಯ ಹಿಂದೆ ಸರಿಯಿತು. ಎಲ್ಲರ ಕಣ್ಣೂ ಕುರ್ಚಿಯ ಕಡೆ ತಿರುಗಿತು.

ದೋನ್ಯಾ ಓತಿಲಿಯಾ ಊರುಗೋಲನ್ನೂರಿ ಎದ್ದಳು. ಕೌಂಟರಿನ ತನಕ ಬಂದು, ಹಸಿರಾಗಿ ಹೊಳೆಯುತ್ತಿದ್ದ ಪರದೆಯನ್ನು ಕೋಲಿನಿಂದ ತೋರಿಸಿದಳು. "ತಾಯಿ ಅಂತ ಬರೆದದ್ದು ನೀನೇನಮ್ಮಾ?"

"ನಾನೇ."

"ಇವರಪ್ಪ ಹೋದಾಗಿಂದ ಒಬ್ಳೇ ನೋಡ್ಕೊಂಡು ಸಾಕಾಗಿದೆ ನಂಗೆ. ಯಾರನ್ನ ನಂಬಿ ಬಿಡ್ಲಿ ಅಂತ ಯೋಚನೆ ಆಗಿತ್ತು. ಹೆಂಡ್ತಿ ಆಗೋಳು ಇವತ್ತು ಅಡುಗೆ ಮಾಡ್ತಾಳೆ, ನಾಳೆ ಬಿಟ್ಟು ಹೋಗ್ತಾಳೆ. ನೀನು ತಾಯಿ ಅಂತ ಬರ್ಕೊಟ್ಟಿದೀಯ. ಕರ್ಕೊಂಡು ಹೋಗು."

ಆಗ ಉಬಾಲ್ದಿನಾಳ ಫೋನು ಕಿಣಿಕಿಣಿ ಎಂದಿತು. ಅವಳು ಕನ್ನಡಕ ಏರಿಸಿ, ಅದೇ ಉಕ್ತಲೇಖನದ ಗಂಟಲಿನಲ್ಲಿ ಓದಿದಳು. "ಮಾನ್ಯ ತಾಯಿಯವರೇ, ನಿಮ್ಮ ಮಗ ಎವಾರಿಸ್ತೊ ಹದಿನೆಂಟು ತುಂಬುವವರೆಗೆ ಕೊಳ್ಳುವುದೆಲ್ಲವೂ ನಿಮ್ಮ ಅನುಮತಿಗೆ ಬರುತ್ತದೆ. ಅವನು ಆಸೆಪಟ್ಟು ಗುರುತು ಹಾಕಿಟ್ಟ ಸಾಮಾನುಗಳು ಹೀಗಿವೆ: ಬ್ಯಾಟರಿ ದೀಪ ಒಂದು. ಚೂಪು ಮೂತಿಯ ಬೂಟು ಒಂದು ಜೊತೆ. ಮೀಸೆಗೆ ಹಚ್ಚುವ ಕಪ್ಪು ಬಣ್ಣ, ಎರಡು ಶೀಶೆ."

"ಎರಡು ಶೀಶೆ?" ಎಂದಳು ದೋನ್ಯಾ ಓತಿಲಿಯಾ.

"ಬೇಡ ಅಂತ ಒತ್ಲಾ?" ಎಂದಳು ಉಬಾಲ್ದಿನಾ.

"ಒತ್ತು. ದೀಪ ಇರ್ಲಿ. ಬೂಟೂ ಬೇಡ, ಈ ವಯಸ್ಸಲ್ಲಿ ಕಾಲು ಬೆಳೀತಾ ಇರುತ್ತೆ."

"ಅಮ್ಮಾ!" ಎಂದ ಎವಾರಿಸ್ತೊ. ಇಬ್ಬರೂ ತಿರುಗಿ ನೋಡಿದರು. ಅವನು ಉಬಾಲ್ದಿನಾಳ ಕಡೆ ಕೈಮುಗಿದ. "ಅಲ್ಲೇ ಕೆಳಗೆ ಹುಟ್ಟಿದ ದಿನ ತಿದ್ದೋ ಗುಂಡಿ ಇರುತ್ತೆ. ಈಗ ನೀವು ಒತ್ತಬಹುದು. ಒಂದೇ ಸಲ ಒತ್ತಿಬಿಡಿ, ದಮ್ಮಯ್ಯ."

ಉಬಾಲ್ದಿನಾ ಗುಂಡಿಯನ್ನು ಹುಡುಕಿದಳು. ಸಿಕ್ಕಿತು. ಅದರ ಮೇಲೆ ಬೆರಳಿಟ್ಟವಳು ಒಂದು ಗಳಿಗೆ ತಡೆದು ಮುದುಕಿಯ ಮುಖ ನೋಡಿದಳು. ಮುದುಕಿ ಅವಳ ಮುಖ ನೋಡಿದಳು. ಇಬ್ಬರ ನಡುವೆ ಏನೋ ಒಂದು ತೀರ್ಮಾನವಾದ ಹಾಗಿತ್ತು. ಉಬಾಲ್ದಿನಾ ಫೋನನ್ನು ಮೆಲ್ಲಗೆ ಏಪ್ರನ್ನಿನ ಜೇಬಿಗೆ ಇಳಿಬಿಟ್ಟಳು.

"ಅವಸರ ಏನಿದೆ? ನಾಲ್ಕು ವರ್ಷ ತಾನೇ, ಕಣ್ಮುಚ್ಚಿ ಬಿಡೋದ್ರಲ್ಲಿ ಆಗೋಗುತ್ತೆ," ಎಂದು ಇನ್ನೊಂದು ಕುರ್ಚಿಯನ್ನು ಮುದುಕಿಯ ಕುರ್ಚಿಯ ಹತ್ತಿರಕ್ಕೆ ಎಳೆದು ಕೂತಳು. ಟೋಪಿಯನ್ನು ಸರಿಮಾಡಿಕೊಂಡಳು. "ನೀನು ಸ್ವಲ್ಪ ಹೊರಗಡೆ ನಿಂತಿರು ಎವಾರಿಸ್ತೊ. ನಾವು ದೊಡ್ಡೋರು ಮದುವೆ ಮಾತಾಡ್ಬೇಕು."